ಬಿಸಿ ನಳದ ತಣ್ಣೀರು

ಸ್ವಲ್ಪ ತಾಳಿ. ನೀರಿನಲ್ಲಿ ಸೊಪ್ಪು ಬೆಳೆಯುವ ಕತೆ ಎಂದ ಕೂಡಲೇ ಪುಟ ತಿರುಗಿಸಬೇಡಿ. ಮುಂದೆ ಇದರಲ್ಲಿ ಒಂದು ನಲ್ಲಿ ಬರುತ್ತದೆ, ಅದು ಬರುವವರೆಗಾದರೂ ಕೂತಿರಿ. ನನ್ನ ದಡ್ಡತನವನ್ನು ನಾನೇ ಇಷ್ಟು ಖುಷಿಯಿಂದ ಬರೆಯುವುದು ದಿನಾ ಆಗುವ ಸಂಗತಿಯಲ್ಲ.

ನಾನಿರುವುದು ಲಂಡನ್ನಿನ ಕೊಲಿಂಡೇಲ್‌ನಲ್ಲಿ, ಏಳನೇ ಮಹಡಿಯ ಫ್ಲ್ಯಾಟಿನಲ್ಲಿ. ಮಣ್ಣು ಬೇಕೆಂದರೆ ಲಿಫ್ಟಿನಲ್ಲಿ ಇಳಿದು ಹೋಗಿ ನೋಡಿಕೊಂಡು ಬರಬೇಕು. ಹೀಗಾಗಿ ಎರಡು ವರ್ಷದ ಹಿಂದೆ ಕಿಟಕಿಯ ಕಟ್ಟೆಯ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ ಇಟ್ಟು, ಮುಚ್ಚಳಕ್ಕೆ ತೂತು ಕೊರೆದು, ಪ್ರತಿ ತೂತಿನಲ್ಲೂ ಜಾಲರಿಯಂಥ ಪುಟ್ಟ ಬಟ್ಟಲು ಕೂರಿಸಿ, ಕೆಳಗೆ ಗೊಬ್ಬರ ಕಲಸಿದ ನೀರು ತುಂಬಿ ಮೆಂತ್ಯ ಬಿತ್ತಿದೆ. ಬೇರು ನೀರಿಗಿಳಿಯಿತು, ಎಲೆ ಬೆಳಕಿಗೆ ಏರಿತು. ಅಷ್ಟೇ ವಿದ್ಯೆ. ಆದರೆ ತಾವೇ ಕಲಿತವರ ಕಷ್ಟ ನಿಮಗೆ ಗೊತ್ತಿರಬೇಕು: ಕಲಿತದ್ದು ಹಿಡಿಯಷ್ಟು, ಕಲಿಸುವ ಚಪಲ ಮೂಟೆಯಷ್ಟು. ಊಟಕ್ಕೆ ಕರೆದವರ ಮನೆಯಲ್ಲಿ ಅವರ ಮನಿಪ್ಲಾಂಟಿನ ಬೇರು ಎತ್ತಿ ನೋಡಿ ಭವಿಷ್ಯ ಹೇಳಿದ್ದೇನೆ. ಅವರು ಮತ್ತೆ ಕರೆದಿಲ್ಲ.

ಈ ಚಪಲಕ್ಕೆ ಸಿಕ್ಕವಳು ನನ್ನ ಅಕ್ಕ. ನಾವು ಕಲಬುರಗಿಯವರು. ಅಕ್ಕ ಈಗಿರುವುದು ಗಲ್ಫ್ ದೇಶದ ಅಲ್ ಐನ್‌ನಲ್ಲಿ, ಸಮುದ್ರ ಕಾಣದ ಮರುಭೂಮಿಯ ಊರಿನಲ್ಲಿ. ಅವಳ ಗಂಡನಿಗೆ, ಅಂದರೆ ನಮ್ಮ ಮಾಮನಿಗೆ, ಅಲ್ಲೇ ಕೆಲಸ. ಮೇ ತಿಂಗಳು ಬಂತೆಂದರೆ ಸೆಪ್ಟೆಂಬರ್ ಮುಗಿಯುವ ತನಕ ಹಗಲಲ್ಲಿ ಹೊರಗೆ ಕಾಲಿಡುವಂತಿಲ್ಲ. ಮಾಮ ಕೆಲಸಕ್ಕೆ ಹೋದ ಮೇಲೆ ಅಕ್ಕ, ಏಸಿ, ನಾಲ್ಕು ಗೋಡೆ. ಹೋದ ಬೇಸಿಗೆಯಲ್ಲಿ ಯಾವಾಗ ಫೋನ್ ಮಾಡಿದರೂ "ಅರಾಮ್ ಇದ್ದೀನಿ" ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದಳು. ಓಣಿಗೆಲ್ಲ ಕೇಳಿಸುವಂತೆ ಮಾತಾಡುತ್ತಿದ್ದ ಅಕ್ಕ ಎರಡು ಮಾತಿಗೆ ಇಳಿದಳೆಂದರೆ ಅರಾಮ್ ಇಲ್ಲವೆಂದೇ ಅರ್ಥ. ಅದಕ್ಕೇ ಈ ವರ್ಷ ಬೇಸಿಗೆಗೆ ಮುಂಚೆಯೇ ಅವಳಿಗೊಂದು ಡಬ್ಬಿ, ಬಟ್ಟಲು, ಗೊಬ್ಬರದ ಪುಡಿ ಎಲ್ಲ ತರಿಸಿಕೊಟ್ಟೆ. ಜೊತೆಗೆ ಒಂದು ಪುಟದ ನಿಯಮಾವಳಿ. ಮೊದಲನೇ ನಿಯಮ: ತಣ್ಣೀರಿನ ನಲ್ಲಿಯ ನೀರನ್ನೇ ತುಂಬಬೇಕು, ಬಿಸಿನೀರಿನ ನಲ್ಲಿಯನ್ನು ಮುಟ್ಟಕೂಡದು.

"ಅದನ್ನ ಕೇಳಬೇಕಂತಿದ್ದೆ ನೋಡು. ಇಲ್ಲಿ ಬ್ಯಾಸಗ್ಯಾಗ ನಳದ ನೀರು..." ಎಂದು ಅಕ್ಕ ಶುರುಮಾಡಿದಳು.

"ಅಕ್ಕಾ, ನೀ ನಿನ್ನ ತಲಿ ಓಡಸಬ್ಯಾಡ. ಬರದದ್ದು ಬರದಂಗ ಮಾಡು."

ಮೇ ತಿಂಗಳಲ್ಲಿ ಬಿತ್ತಿದ ಮೆಂತ್ಯ ಮೊಳೆಯಿತು. ದಿನಾ ಫೋನ್ ಬರತೊಡಗಿತು. ಎರಡೆಲೆ ಬಂದದ್ದಕ್ಕೊಂದು ಫೋನ್, ಮೂರನೆಯದಕ್ಕೊಂದು. ಆಫೀಸಿನಲ್ಲಿ ಮೀಟಿಂಗ್ ನಡುವೆ ಎದ್ದು ಹೋಗಿ ಮೂರನೇ ಎಲೆಯ ವರ್ಣನೆ ಕೇಳಿದ್ದೇನೆ. ಎರಡು ವಾರಕ್ಕೆ ಗಿಡಗಳೆಲ್ಲ ಒಟ್ಟಿಗೆ ತಲೆ ಬಾಗಿಸಿದವು. ಬೇರು ಕಂದಾಗಿ, ಲೋಳೆಯಾಗಿ, ನಾರುತ್ತಿತ್ತು. ನಾನು ಬೆಳಕು ಸಾಲದು ಎಂದೆ. ಎರಡನೇ ಸಲ ಬಿತ್ತಿದಳು, ಅದೂ ಹಾಗೇ ಆಯಿತು. ಗೊಬ್ಬರ ಹೆಚ್ಚಾಯಿತು ಎಂದೆ. ಹಿಂದಿನಿಂದ ಮಾಮನ ದನಿ ಬಂತು: "ನಿನ್ನ ತಂಗಿ ಲಂಡನ್ದಾಗ ಕೂತು ಇಲ್ಲಿ ಪಲ್ಯ ಕುದಸ್ಲಾಕತ್ತಾಳ." ನಮ್ಮ ಕಡೆ ಸೊಪ್ಪಿಗೂ ಪಲ್ಯ ಎನ್ನುತ್ತಾರೆ. ಆ ಮಾತು ಎಷ್ಟು ನಿಜವೆಂದು ಮಾಮನಿಗೂ ಗೊತ್ತಿರಲಿಲ್ಲ.

ಅಕ್ಕ ನಗಲಿಲ್ಲ. "ಇನ್ನೊಂದ ಸಲ ನೋಡ್ತೀನಿ. ಇದೂ ಸತ್ರ ಡಬ್ಬಿ ಹೊರಗ ಒಗೀತೀನಿ. ದಿನಾ ಎದ್ದು ಸತ್ತ ಗಿಡದ ಮಾರಿ ನೋಡೂದು ನನ್ನಿಂದ ಆಗಂಗಿಲ್ಲ" ಎಂದಳು. ಡಬ್ಬಿ ಹೋದರೆ ಹೋಗಲಿ. ಅಕ್ಕ ಮತ್ತೆ ಆ ಎರಡು ಮಾತಿಗೆ ಹೋಗುತ್ತಾಳಲ್ಲ ಎಂದು ನನಗೆ ಅಂಜಿಕೆ.

ಮೂರನೇ ಸಲ ನೀರು ತುಂಬುವ ದಿನ ನಾನು ವಿಡಿಯೋ ಕಾಲಿನಲ್ಲಿದ್ದೆ, ಮೇಲ್ವಿಚಾರಣೆಗೆ. ಆಗ ಬಚ್ಚಲಿನಿಂದ ಮಾಮ ಕೂಗಿದರು: "ಏ, ಬಿಸಿ ನಳದಾಗ ಬಿಸಿನೀರು ಬರ್ಲಾಕತ್ತಾವಲ್ಲ."

"ಗೀಜರ್ ಚಾಲೂ ಉಳದದ ನೋಡ್ರಿ, ಬಂದ್ ಮಾಡ್ರಿ" ಎಂದಳು ಅಕ್ಕ.

ಬಿಸಿ ನಳದಲ್ಲಿ ಬಿಸಿನೀರು ಬಂದರೆ ಅದೆಂಥ ದೂರು? ಕೇಳಿದೆ. ಅಕ್ಕ ಮಗುವಿಗೆ ಹೇಳುವಂತೆ ಹೇಳಿದಳು. ಅಲ್ಲಿ ನೀರಿನ ಟ್ಯಾಂಕು ತಾರಸಿಯ ಮೇಲೆ ಬಿಸಿಲಿಗೆ ಕಾದಿರುತ್ತದೆ, ಆದ್ದರಿಂದ ತಣ್ಣೀರಿನ ನಲ್ಲಿ ತಿರುವಿದರೆ ಬರುವುದು ಸುಡುನೀರು. ಗೀಜರ್ ಇರುವುದು ಮನೆಯೊಳಗೆ. ಬೇಸಿಗೆಯಲ್ಲಿ ಅದನ್ನು ಆರಿಸಿಟ್ಟರೆ ಅದರೊಳಗಿನ ನೀರು ಏಸಿಯ ತಂಪಿಗೆ ಆರುತ್ತದೆ. ತಣ್ಣೀರು ಬೇಕಾದವರು ಬಿಸಿ ನಲ್ಲಿ ತಿರುವುತ್ತಾರೆ.

"ಹಂಗಾರ ಕಿಟಕಿ ಬಿಸಲಾಗಿನ ಡಬ್ಬ್ಯಾಗ ದಿನಾ ಹಾಕಿದ ನೀರು ಎಷ್ಟ ಬಿಸಿ ಇತ್ತು?"

"ಚಹಾಕ್ಕ ಸಾಲಂಗಿಲ್ಲ. ಜಳಕಕ್ಕ ನಡೀತದ."

"ಮತ್ತ ಮೊದಲೇ ಯಾಕ ಹೇಳಲಿಲ್ಲ?"

"ತಲಿ ಓಡಸಬ್ಯಾಡ ಅಂದಿದ್ದಿ."

ಬೇರೂ ಉಸಿರಾಡುತ್ತದೆ, ನೀರಿನಲ್ಲಿ ಕರಗಿದ ಗಾಳಿಯನ್ನೇ ಕುಡಿಯುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಗಾಳಿ ನಿಲ್ಲುವುದಿಲ್ಲ, ಬಿಸಿಲಲ್ಲಿಟ್ಟ ಸೋಡಾ ಬೇಗ ಸಪ್ಪೆಯಾಗುವ ಹಾಗೆ. ಇದನ್ನೆಲ್ಲ ನಾನು ಓದಿದ್ದೆ. ಆದರೆ ಓದಿದ್ದು ಕೊಲಿಂಡೇಲ್‌ನಲ್ಲಿ ಕೂತು. ಇಲ್ಲಿ ತಣ್ಣೀರು ತಿರುವಿದರೆ ಬೆರಳು ಮರಗಟ್ಟುತ್ತದೆ, ಜಗತ್ತಿನ ನಲ್ಲಿಗಳೆಲ್ಲ ಹೀಗೇ ಎಂದುಕೊಂಡಿದ್ದೆ. ಬೇಸಿಗೆಯಲ್ಲಿ ಮಣ್ಣಿನ ಹರವಿಗೆ ಒದ್ದೆ ಬಟ್ಟೆ ಸುತ್ತಿ ನೀರು ತಂಪಿಡುವ ಊರಿನಲ್ಲಿ ಬೆಳೆದವಳು ನಾನು. ಎರಡು ಚಳಿಗಾಲ ಸಾಕಾಯಿತು ಮರೆಯಲು.

ನಿಯಮಾವಳಿ ಹರಿದು ಹಾಕಲು ಹೇಳಿದೆ. ಆಮೇಲಿನದೆಲ್ಲ ಅಕ್ಕನ ತಲೆ. ಬಿಸಿ ನಳದ ತಣ್ಣೀರು ತುಂಬಿದಳು. ಡಬ್ಬಿಯನ್ನು ಕಿಟಕಿಯಿಂದ ಎರಡು ಮೊಳ ದೂರ ಸರಿಸಿ ಬಿಳಿ ಬಟ್ಟೆ ಸುತ್ತಿದಳು. ಮಧ್ಯಾಹ್ನ ಬಿಸಿಲೇರಿದಾಗ ಫ್ರೀಜರಿನಲ್ಲಿ ಗಡ್ಡೆ ಕಟ್ಟಿದ ಪುಟ್ಟ ಬಾಟಲಿಯೊಂದನ್ನು ನೀರಿಗೆ ಇಳಿಬಿಟ್ಟಳು. ನಾನು ಕೇಳುತ್ತಾ ಬರೆದುಕೊಂಡೆ. ಮೂರು ವಾರ ಕಳೆದ ಮೇಲೆ ಮುಚ್ಚಳ ಎತ್ತಿ ತೋರಿಸಿದಳು: ಶಾವಿಗೆಯಷ್ಟು ಬೆಳ್ಳಗಿನ ಬೇರು. ಮೊದಲ ಕೊಯ್ಲು ಒಂದು ಹಿಡಿ. ರೊಟ್ಟಿಯ ಜೊತೆ ಹಸಿಯಾಗಿಯೇ ತಿಂದರಂತೆ. "ಇಷ್ಟ ಪಲ್ಯಾಕ ಇಷ್ಟ ಗದ್ಲಾ?" ಎಂದ ಮಾಮ ಅಕ್ಕನ ಪಾಲಿಗೂ ಕೈಹಾಕಿದರಂತೆ.

ಈಗ ಜುಲೈ. ಅಕ್ಕ ಮತ್ತೆ ಎರಡೇ ಮಾತಿಗೆ ಫೋನ್ ಇಡುತ್ತಾಳೆ. ಮೊದಲ ಸಲ ಹಾಗೆ ಇಟ್ಟಾಗ ನಾನು ಕೂಡಲೇ ಮತ್ತೆ ಫೋನ್ ಮಾಡಿದೆ. ಆಗ ಅವಳ ಹಿಂದಿನ ಗದ್ದಲ ಕೇಳಿಸಿತು: ಮೇಲಿನ ಮನೆಯ ಮಲಯಾಳಿ ಹೆಂಗಸು, ಎದುರು ಮನೆಯ ಸುಡಾನಿನ ಅಜ್ಜಿ, ಇಬ್ಬರೂ ತಮ್ಮ ತಮ್ಮ ಡಬ್ಬಿ ಹಿಡಿದು ಬಂದಿದ್ದರು. "ಆಮ್ಯಾಲ ಮಾಡ್ತೀನಿ, ಮಂದಿ ಬಂದಾರ" ಎಂದಳು. ಆಮೇಲೆ ಮಾಡುವುದಿಲ್ಲ. ತಂಗಿಯ ಜೊತೆ ಮಾತಿಗೂ ಪುರುಸೊತ್ತಿಲ್ಲದಷ್ಟು ಅಕ್ಕ ಅರಾಮ್ ಇದ್ದಾಳೆಂದರೆ, ಅದಕ್ಕಿಂತ ಒಳ್ಳೆಯ ಫಸಲು ಯಾವ ಡಬ್ಬಿಯಲ್ಲೂ ಬರಲಾರದು.

ಅವಳು ಈಗ ಪುಂಡಿ ಸೊಪ್ಪಿನ ಬೀಜ ಹಾಕಿದ್ದಾಳೆ, ಆಗಸ್ಟ್ ಇನ್ನೂ ಬಾಕಿಯಿದೆ. ಬಿಸಿಲೂರುಗಳಲ್ಲಿ ಇರುವವರೇ, ನಿಮ್ಮ ಮನೆಯಲ್ಲಿ ಬೇರನ್ನು ಹೇಗೆ ತಂಪಾಗಿಟ್ಟಿರಿ, ಯಾವ ಗಿಡ ಸತ್ತು ಏನು ಕಲಿಸಿತು, ಬರೆದು ತಿಳಿಸಿ. ನಡುವೆ ಬಾಯಿ ಹಾಕದೆ ಪೂರ್ತಿ ಓದುತ್ತೇನೆ.