ಕಳಿಸಿಕೊಡಲು ಬಂದವರ ಟಿಕೆಟ್

ಜುಲೈ 12, ಶನಿವಾರ. ಬೆಳಿಗ್ಗೆ 10.50ಕ್ಕೆ ರೈಲಿನಲ್ಲಿ ಶುರು ಮಾಡಿದ್ದು.

ಸಿಡ್ನಿಯ ಏರ್‌ಪೋರ್ಟ್ ಲೈನಿನ ಸುರಂಗಕ್ಕೆ ಅದರದೇ ಒಂದು ವಾಸನೆ ಇದೆ. ಬಿಸಿಯಾದ ಕಬ್ಬಿಣ, ಒದ್ದೆ ಸಿಮೆಂಟು, ಯಾರೋ ಕೈಯಲ್ಲಿ ಹಿಡಿದು ಓಡುತ್ತಿರುವ ಕಾಫಿ, ಎಲ್ಲ ಸೇರಿದಂಥದ್ದು. ಕೆಳಗಿನ ಮನೆಯ ಗಾಯತ್ರಿ ಆಂಟಿ ಇವತ್ತು ಮೈಸೂರಿಗೆ ಹೊರಟರು. ಅವರನ್ನು ಕಳಿಸಿಕೊಟ್ಟು ವಾಪಸ್ ಬರುವಾಗ ಮ್ಯಾಸ್ಕಾಟ್ ಸ್ಟೇಷನ್ನಿನಲ್ಲಿ ರೈಲಿನ ಬಾಗಿಲು ತೆರೆದುಕೊಂಡಿತು, ಆ ವಾಸನೆ ಒಳಗೆ ಬಂತು, ಜೊತೆಗೆ ನಾಗವೇಣಿಯ ನೆನಪೂ ಬಂತು. ಮನೆ ಸೇರುವವರೆಗೆ ಕಾಯದೆ ಬರೆಯುತ್ತಿದ್ದೇನೆ; ಅಕ್ಷರ ಅಲುಗಾಡಿದರೆ ಅದು ಹಳಿಯ ತಪ್ಪು.

ತಾರೀಖು, ಗಂಟೆ ಹಾಕದೆ ನನಗೆ ಏನನ್ನೂ ಶುರು ಮಾಡಿ ಗೊತ್ತಿಲ್ಲ. ಅಡುಗೆಮನೆಯ ಡಬ್ಬಿಗಳ ಮೇಲೂ ತಾರೀಖು ಬರೆಯುತ್ತೇನೆ. "ನಿನ್ನ ಮದುವೆ ಆಗೋನ ಬೆನ್ನಿಗೂ ಒಂದು ಸ್ಟಿಕ್ಕರ್ ಅಂಟಿಸ್ತೀಯ ಕಣೇ, ಎಕ್ಸ್‌ಪೈರಿ ಡೇಟ್ ಹಾಕಿ" ಎಂದು ನಾಗವೇಣಿ ನಗುತ್ತಿದ್ದಳು.

ಅವಳು ಯಾರೆಂದು ಹೇಳಿಬಿಡುತ್ತೇನೆ. ಹ್ಯಾರಿಸ್ ಪಾರ್ಕಿನಲ್ಲಿ, ಸ್ವೀಟ್ ಅಂಗಡಿಯ ಹಿಂದಿನ ಬೀದಿಯ ಒಂದು ಫ್ಲ್ಯಾಟಿನಲ್ಲಿ, ಇಲ್ಲಿಯವರ ಮಾತಿನಲ್ಲಿ ಯೂನಿಟ್‌ನಲ್ಲಿ, ನಾವಿಬ್ಬರೂ ಒಂದೇ ರೂಮಿನಲ್ಲಿದ್ದೆವು. ಇಬ್ಬರೂ ಓದಲು ಬಂದವರು. ನಾನು ದಾವಣಗೆರೆಯವಳು. ಅವಳು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಬೆಳೆದವಳು. ಅಪ್ಪ ರೈಲಿನ ಗಾರ್ಡ್. ಅವರ ಮನೆಯವರು ರಜೆಗೆ ಹೋದದ್ದೆಲ್ಲ ರೈಲ್ವೆ ಪಾಸಿನಲ್ಲಿ. ಕಾಲೇಜು ಮುಗಿಯುವವರೆಗೂ ಅವಳು ದೂರದ ಊರಿಗೆ ದುಡ್ಡು ಕೊಟ್ಟು ಟಿಕೆಟ್ ತೆಗೆದವಳೇ ಅಲ್ಲವಂತೆ. ಹಾಗಾಗಿ ರೈಲೆಂದರೆ ಅವಳಿಗೆ ಸೋದರಮಾವನ ಮನೆ. ಅಲ್ಲಿಗೆ ಹೋಗಿಬರಲು ಯಾರಾದರೂ ದುಡ್ಡು ಕೇಳಿದರೆ ಜೇಬಿಗಿಂತ ಮೊದಲು ಮನಸ್ಸಿಗೆ ನೋವಾಗುತ್ತಿತ್ತು.

ಅಂಥವಳು ಸಿಡ್ನಿಗೆ ಬಂದು ಅಗ್ಗದ ದರ ಹುಡುಕುವುದರಲ್ಲಿ ಪಳಗಿದಳು. ಭಾನುವಾರ ಎಷ್ಟು ಓಡಾಡಿದರೂ ರೈಲು-ಬಸ್ಸಿನ ಕಾರ್ಡಿನಿಂದ ಒಂದು ಮಿತಿಗಿಂತ ಹೆಚ್ಚು ದುಡ್ಡು ಕತ್ತರಿಸುವುದಿಲ್ಲ ಎಂದು ತಿಳಿದ ಮೇಲೆ ನಮ್ಮ ಸುತ್ತಾಟವೆಲ್ಲ ಭಾನುವಾರಕ್ಕೆ ಬಂತು. ಚಿತ್ರಾನ್ನ ಕಟ್ಟಿಕೊಂಡು ಬ್ಲೂ ಮೌಂಟನ್ಸ್, ನ್ಯೂಕ್ಯಾಸಲ್, ಕಯಾಮ. ಇಳಿದು ನೋಡುವುದಕ್ಕಿಂತ ಕಿಟಕಿಯಲ್ಲಿ ಕೂತಿರುವುದೇ ಅವಳಿಗೆ ಇಷ್ಟ. ವಾರದ ದಿನಗಳಲ್ಲಿ ದರ ಹೆಚ್ಚಿರುವ ಪೀಕ್ ಅವರ್ ಮುಗಿಯುವವರೆಗೆ ನಾವು ಸ್ಟೇಷನ್ನಿನ ಮೆಟ್ಟಿಲ ಹತ್ತಿರ ನಿಂತಿರುತ್ತಿದ್ದೆವು. ನಾನು ಮರೆತು ಗೇಟಿಗೆ ಮುಟ್ಟಿಸಲು ಕಾರ್ಡ್ ತೆಗೆದರೆ ಅವಳು ಬ್ಯಾಗು ಹಿಡಿದು ಎಳೆಯುತ್ತಿದ್ದಳು. "ಇನ್ನೂ ಮೂರು ನಿಮಿಷ ಇದೆ, ಟ್ಯಾಪ್ ಮಾಡ್ಬೇಡ್ವೇ!" ಒಮ್ಮೆ ಆ ಮೂರು ನಿಮಿಷದಲ್ಲಿ ರೈಲು ಹೋಯಿತು. ಕ್ಲಾಸಿಗೆ ತಡವಾಗಿ ಹೋದೆ. ಉಳಿತಾಯವನ್ನು ಮಾತ್ರ ಆ ರಾತ್ರಿ ಡೈರಿಯಲ್ಲಿ ತಪ್ಪದೆ ಬರೆದೆ.

ಏರ್‌ಪೋರ್ಟ್ ರೈಲು ಸ್ಟೇಷನ್ನಿನ ಬಾಗಿಲು ನಮಗೆ ಎದುರಾದದ್ದು ಬೆಳಗಾವಿಯಿಂದ ಬರುತ್ತಿದ್ದ ಒಬ್ಬ ಹುಡುಗಿಯನ್ನು ಕರೆತರಲು ಹೋದ ದಿನ. ಹೊರಗೆ ಹೋಗಲು ಗೇಟಿಗೆ ಕಾರ್ಡ್ ಮುಟ್ಟಿಸಿದೆವು. ಅಷ್ಟು ದೂರ ರೈಲಿನಲ್ಲಿ ಬಂದದ್ದಕ್ಕಿಂತ ಎಷ್ಟೋ ಹೆಚ್ಚು ಆ ಗೇಟೊಂದಕ್ಕೇ ಹೋಯಿತು. ಏನೋ ತಪ್ಪಾಗಿದೆ ಎಂದು ನಾಗವೇಣಿ ಅಲ್ಲಿ ನಿಂತಿದ್ದ ಸಿಬ್ಬಂದಿಯನ್ನು ಕೇಳಿದಳು. ಬಿಳಿ ಕೂದಲಿನ ಹೆಂಗಸು, ಬಹಳ ಮೃದುವಾಗಿ ಹೇಳಿದರು. ರೈಲು ಸರ್ಕಾರದ್ದೇ. ಆದರೆ ಈ ಸ್ಟೇಷನ್ನು ನಡೆಸುವುದು ಒಂದು ಕಂಪನಿ. ಹೆಚ್ಚಿಗೆ ಹೋದದ್ದು ಸ್ಟೇಷನ್ನಿನ ಫೀ.

ನಾಗವೇಣಿ ನನ್ನ ಕಡೆ ತಿರುಗಿದಳು. "ಹಳಿ ಸರ್ಕಾರದ್ದು, ರೈಲು ಸರ್ಕಾರದ್ದು, ಡ್ರೈವರ್ರಿಗೆ ಸಂಬಳ ಕೊಡೋದು ಸರ್ಕಾರ. ಬಾಗಿಲು ಮಾತ್ರ ಕಂಪನಿದಾ?"

"ಮೆಲ್ಲಗೆ ಮಾತಾಡೇ."

"ಕನ್ನಡದಲ್ಲಿ ತಾನೇ ಬೈತಿರೋದು, ಬಿಡು."

ಹುಡುಗಿಯನ್ನು ಕರೆದುಕೊಂಡು ಮತ್ತೆ ಒಳಗೆ ಹೋಗುವಾಗ ಗೇಟು ಇನ್ನೊಮ್ಮೆ ಕತ್ತರಿಸಿತು. ನಾಗವೇಣಿಗೆ ನಿಜವಾಗಿ ಕೋಪ ಬಂದದ್ದು ಆಗ. "ಹೋಗೋರಿಗೆ ಒಂದೇ ಸಲ. ಕರೆಯೋಕೆ ಬಂದೋರಿಗೆ, ಕಳಿಸೋಕೆ ಬಂದೋರಿಗೆ ಎರಡು ಸಲ. ನಮ್ಮೂರಲ್ಲಿ ಒಂದು ಪ್ಲಾಟ್‌ಫಾರಂ ಟಿಕೆಟ್ ತಗೊಂಡ್ರೆ ಸಾಕು, ರೈಲು ಹೊರಡೋವರೆಗೂ ನಿಂತಿರಬಹುದು." ಕಳಿಸಿಕೊಡುವುದೆಂದರೆ ಅವಳ ಪ್ರಕಾರ ರೈಲು ಅಲುಗಾಡುವವರೆಗೆ ನಿಲ್ಲುವುದು, ಅಲುಗಾಡಿದ ಮೇಲೆ ನಾಲ್ಕು ಹೆಜ್ಜೆ ಜೊತೆಗೆ ನಡೆಯುವುದು. ಅದಕ್ಕೆ ಮುಂಚೆ ಬೆನ್ನು ತಿರುಗಿಸಿದವರನ್ನು ಅವಳ ಅಮ್ಮ ವರ್ಷಗಟ್ಟಲೆ ಕ್ಷಮಿಸುತ್ತಿರಲಿಲ್ಲವಂತೆ.

ಆ ದಿನದಿಂದ ಆ ಗೇಟನ್ನು ದಾಟುವುದಿಲ್ಲ ಎಂದಳು. ವಿಮಾನ ನಿಲ್ದಾಣಕ್ಕೆ ಮೊದಲು ಸಿಗುವ ಮ್ಯಾಸ್ಕಾಟ್‌ನಲ್ಲಿ ಆ ಫೀ ಇಲ್ಲ. ಅಲ್ಲಿ ಇಳಿದು ಬಸ್ಸು ಹಿಡಿಯುವುದು ನಮ್ಮ ಮನೆಯ ಪದ್ಧತಿಯಾಯಿತು. ನಮ್ಮ ಯೂನಿಟ್‌ಗೆ ಬಂದ ಹುಡುಗಿಯರೆಲ್ಲ ಆಸ್ಟ್ರೇಲಿಯಾದಲ್ಲಿ ಮೊದಲು ನೋಡಿದ್ದು ಮ್ಯಾಸ್ಕಾಟಿನ ಬಸ್ ಸ್ಟಾಪನ್ನು. ಒಬ್ಬಳು ಅಲ್ಲೇ ಸೆಲ್ಫಿ ತೆಗೆದು ಅಮ್ಮನಿಗೆ ಕಳಿಸಿದ್ದಳು.

ಓದು ಮುಗಿದ ಮೇಲೆ ನನಗೆ ಮ್ಯಾಕ್ವೆರಿ ಪಾರ್ಕಿನ ಒಂದು ಔಷಧ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅವಳಿಗೆ ಸಿಕ್ಕಿದ್ದು ಮೆಲ್ಬರ್ನ್‌ನಲ್ಲಿ, ಒಂದು ಲ್ಯಾಬಿನಲ್ಲಿ. ಅಲ್ಲಿ ಊರೊಳಗಿನ ರೈಲುಗಳನ್ನೇ ಓಡಿಸುವುದು ಕಂಪನಿ ಎಂದು ತಿಳಿದು ಮೊದಲ ವಾರವೇ ಫೋನ್ ಮಾಡಿದಳು. ಒಮ್ಮೆ ರೈಲು ರದ್ದಾದಾಗ ದೂರು ಬರೆದಳಂತೆ. ಅದು ಹಳಿಯ ತೊಂದರೆ, ಹಳಿ ನಮ್ಮದಲ್ಲ ಎಂದು ಒಬ್ಬರು, ಓಡಿಸುವುದು ಅವರು, ಅವರನ್ನೇ ಕೇಳಿ ಎಂದು ಇನ್ನೊಬ್ಬರು. "ಅತ್ತೆ ಮಾವ ಇಬ್ರೂ ಇದ್ದಾರೆ, ಅಡುಗೆಮನೆ ಕೀಲಿ ಯಾರ ಹತ್ರ ಅಂತ ಗೊತ್ತಿಲ್ಲ" ಅಂದಳು.

ಒಂದು ಸಲ ಅವಳನ್ನು ನೋಡಲು ನಾನು ಮೆಲ್ಬರ್ನ್‌ಗೆ ಹೋದೆ. ರಿಯಾಯಿತಿ ಟಿಕೆಟ್ಟಿಗಾಗಿ ವಾರಗಟ್ಟಲೆ ಕಾದು, ವಿಮಾನ ಬಿಟ್ಟು ಹಗಲು ರೈಲಿನಲ್ಲಿ. ಹನ್ನೊಂದು ಗಂಟೆ ಕೂತು ಕಾಲು ಜೋಮು ಹಿಡಿದಿತ್ತು. ಇಳಿದರೆ ನನ್ನ ಬೋಗಿಯ ಬಾಗಿಲಿಗೆ ಸರಿಯಾಗಿ ನಾಗವೇಣಿ ನಿಂತಿದ್ದಳು, ಕೈಯಲ್ಲಿ ಫ್ಲಾಸ್ಕು. ವಾಪಸ್ ಹೊರಟ ಬೆಳಿಗ್ಗೆ ಕಿಟಕಿಯ ಹೊರಗೆ ನಿಂತು, ಗಾಜಿನ ಈಚೆ ನನಗೆ ಕೇಳಿಸುವುದಿಲ್ಲವೆಂದು ಗೊತ್ತಿದ್ದೂ, ಏನೇನೋ ಹೇಳುತ್ತಿದ್ದಳು. ರೈಲು ಅಲುಗಾಡಿದ ಮೇಲೆ ನಾಲ್ಕು ಹೆಜ್ಜೆಯಲ್ಲ, ಪ್ಲಾಟ್‌ಫಾರಂ ಮುಗಿಯುವವರೆಗೂ ನಡೆದಳು. ಸಿಬ್ಬಂದಿಯೊಬ್ಬರು ಹಿಂದೆ ಸರಿಯಿರಿ ಎಂದು ಕೈ ಬೀಸಿದ್ದು ಕಂಡಿತು.

ಅವಳಿಗೆ ಪಿಆರ್, ಅಂದರೆ ಇಲ್ಲೇ ನೆಲೆಸುವ ಪರವಾನಗಿ, ಸಿಗಲಿಲ್ಲ. ಪಾಯಿಂಟ್ಸ್ ಸಾಲಲಿಲ್ಲ, ವೀಸಾ ಮುಗಿಯಿತು. ವಾಪಸ್ ಹೋಗುವ ಟಿಕೆಟ್ಟನ್ನು ಮಾತ್ರ ಸಿಡ್ನಿಯಿಂದ ಬುಕ್ ಮಾಡಿದಳು. ಕೇಳಿದರೆ, "ಮೆಲ್ಬರ್ನ್‌ನಲ್ಲಿ ಏರ್‌ಪೋರ್ಟಿಗೆ ರೈಲೇ ಇಲ್ಲ ಕಣೇ. ಬಸ್ಸಲ್ಲಿ ಹೋಗಿ ದೇಶ ಬಿಡೋದಾ?" ಅಂದಳು. ನನ್ನ ಜೊತೆ ಕೊನೆಯ ಎರಡು ದಿನ ಇರಬೇಕೆಂದು ಹಾಗೆ ಮಾಡಿದಳೆಂದು ನನಗೆ ಗೊತ್ತಿತ್ತು.

ಹೊರಟ ಸಂಜೆ ಎರಡು ದೊಡ್ಡ ಸೂಟ್‌ಕೇಸುಗಳ ಜೊತೆ ಸೆಂಟ್ರಲ್‌ನಲ್ಲಿ ರೈಲು ಬದಲಿಸಿದೆವು. ಅಷ್ಟು ಸಾಮಾನು ಹೊತ್ತು ಬಸ್ಸು ಹತ್ತುವಂತಿರಲಿಲ್ಲ. ಆ ಗೇಟು ದಾಟಲೇಬೇಕಾಗಿತ್ತು. ಏರ್‌ಪೋರ್ಟಿನಲ್ಲಿ ಒಂದು ಕಡೆ ಕೂತು ಕಾಫಿ ಕುಡಿಯಬೇಕು, ಐದು ವರ್ಷದಲ್ಲಿ ಹೇಳದೆ ಉಳಿದದ್ದನ್ನು ಹೇಳಬೇಕು ಎಂದು ನಾನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಅವಳಿಲ್ಲದಿದ್ದರೆ ಮೊದಲ ಚಳಿಗಾಲದಲ್ಲೇ ನಾನು ಊರಿಗೆ ಓಡಿಹೋಗುತ್ತಿದ್ದೆ, ಅಷ್ಟನ್ನಾದರೂ ಹೇಳಬೇಕಾಗಿತ್ತು.

ಗ್ರೀನ್ ಸ್ಕ್ವೇರ್ ಸ್ಟೇಷನ್ ದಾಟಿದ ಮೇಲೆ ಅವಳೇ ಮಾತು ತೆಗೆದಳು. "ನೀನು ಮ್ಯಾಸ್ಕಾಟಲ್ಲಿ ಇಳ್ಕೊಂಡ್ಬಿಡು."

"ಯಾಕೆ? ನಾನು ಬರ್ತೀನಿ."

"ಬೇಡ ಕಣೇ. ನಂಗಂತೂ ಬೇರೆ ದಾರಿ ಇಲ್ಲ, ಕೊಡ್ತೀನಿ. ನೀನ್ಯಾಕೆ ಸುಮ್ನೆ ಆ ಕಂಪನಿಗೆ ಎರಡೆರಡು ಸಲ ಕೊಡ್ತೀಯ? ಅಲ್ಲಿಂದ ಎರಡೇ ಸ್ಟೇಷನ್ನು. ನಾನೇನು ಮಗುವಾ?"

ಯೋಚಿಸಿದೆ. ಅವಳು ಹೇಳಿದ್ದು ನಮ್ಮ ಮನೆಯ ಪದ್ಧತಿಗೆ ಸರಿಯಾಗಿಯೇ ಇತ್ತು. ಆ ಗೇಟಿನ ಮೇಲಿನ ಅವಳ ಸಿಟ್ಟೂ ನನಗೆ ಗೊತ್ತಿತ್ತು. ನನ್ನ ಕೈಯಿಂದ ಅದಕ್ಕೆ ಕೊಡಿಸಲು ಅವಳಿಗೆ ಮನಸ್ಸಿಲ್ಲ ಎಂದುಕೊಂಡೆ. ಮ್ಯಾಸ್ಕಾಟ್ ಬಂತು. ಅಪ್ಪಿಕೊಂಡದ್ದು ಅರ್ಧಂಬರ್ಧ, ನಡುವೆ ಸೂಟ್‌ಕೇಸು. ಇಳಿದೆ. ಅರಸೀಕೆರೆಯಲ್ಲಿ ಗಾರ್ಡು ಹಸಿರು ಬಾವುಟ ತೋರಿಸಿ, ಸೀಟಿ ಊದಿ, ರೈಲು ನಿಧಾನವಾಗಿ ಜರುಗುವಷ್ಟರಲ್ಲಿ ಒಂದು ಜಗಳವಾಡಿ ರಾಜಿಯೂ ಆಗಬಹುದಂತೆ. ಇಲ್ಲಿ ಬಾಗಿಲು ಕೂಗಿಕೊಂಡಿತು, ಮುಚ್ಚಿತು, ಅವಳ ಮುಖ ಹೋಯಿತು. ಜೊತೆಗೆ ನಡೆಯಲು ಎರಡು ಹೆಜ್ಜೆಗೂ ಸಮಯವಿರಲಿಲ್ಲ.

ವಿಮಾನ ಮೂರು ಗಂಟೆ ತಡ ಎಂದು ಅವಳ ಮೆಸೇಜು ಬಂದಾಗ ನಾನು ಹ್ಯಾರಿಸ್ ಪಾರ್ಕಿನಲ್ಲಿ ಬಟ್ಟೆ ಮಡಿಸುತ್ತಿದ್ದೆ.

ಅದಾಗಿ ಮೂರು ವರ್ಷ. ಅವಳೀಗ ಅಪ್ಪ ರಿಟೈರ್ ಆಗಿ ಕಟ್ಟಿಸಿದ ಅರಸೀಕೆರೆಯ ಮನೆಯಲ್ಲಿದ್ದಾಳೆ, ಹಾಸನದ ಒಂದು ಲ್ಯಾಬಿಗೆ ಹೋಗಿ ಬರುತ್ತಾಳೆ. ಮೊದಲು ದಿನಾ ಮಾತಾಡುತ್ತಿದ್ದೆವು, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಹುಟ್ಟುಹಬ್ಬಕ್ಕೆ. ಜಗಳವೇನೂ ಇಲ್ಲ. ಆದರೆ ಅವಳ ಮಾತಿನಲ್ಲಿ ಒಂದು ಮರ್ಯಾದೆ ಬಂದುಬಿಟ್ಟಿತ್ತು. ನನ್ನನ್ನು ಬೈಯುವುದನ್ನು ನಿಲ್ಲಿಸಿದ್ದಳು.

ಇನ್ನು ಇವತ್ತಿನದು. ಗಾಯತ್ರಿ ಆಂಟಿಯ ಮಗ ರಾತ್ರಿ ಶಿಫ್ಟ್ ಮುಗಿಸಿ ನೇರವಾಗಿ ಏರ್‌ಪೋರ್ಟಿಗೆ ಬರುವವನಿದ್ದ. ಆಂಟಿಯನ್ನು ನಾವೀಗಿರುವ ಟೂಂಗಾಬಿಯಿಂದ ರೈಲಿನಲ್ಲಿ ಕರೆದೊಯ್ಯುವುದು ನನ್ನ ಪಾಲಿಗೆ ಬಂತು. "ನಿಂಗ್ಯಾಕಮ್ಮ ತೊಂದರೆ, ಟ್ರೈನ್ ಹತ್ತಿಸಿಬಿಡು ಸಾಕು" ಎಂದು ಅವರು ನಾಲ್ಕು ಸಲವಾದರೂ ಹೇಳಿರಬೇಕು. ಹೇಳುತ್ತಲೇ ನನ್ನ ಕೈ ಹಿಡಿದುಕೊಂಡಿದ್ದರು. ಮಗ ಗೇಟಿನ ಆಚೆ ಕಾಯುತ್ತಿದ್ದ. ಸೂಟ್‌ಕೇಸು ದಾಟಿಸಿದೆ, ಆಂಟಿ ದಾಟಿದರು, ನಾನು ಈಚೆ, ಸ್ಟೇಷನ್ನಿನ ಒಳಗೇ ನಿಂತು ಅವರು ಲಿಫ್ಟಿನೊಳಗೆ ಹೋಗುವವರೆಗೂ ಕೈ ಬೀಸಿದೆ. ಆಂಟಿ ಮೂರು ಸಲ ತಿರುಗಿ ನೋಡಿದರು. ನಾನು ಆ ಕಡೆಯ ಪ್ಲಾಟ್‌ಫಾರಮ್ಮಿಗೆ ಹೋಗಿ ರೈಲು ಹತ್ತಿದೆ.

ಮ್ಯಾಸ್ಕಾಟಿನಲ್ಲಿ ಬಾಗಿಲು ತೆರೆದಾಗ ಹೊಳೆಯಿತು. ನಾನು ಗೇಟು ದಾಟಲೇ ಇಲ್ಲ. ದಾಟಿದವರಿಗೆ ತಾನೇ ಆ ಫೀ? ಈಚೆ ನಿಂತವರನ್ನು ಯಾರೂ ಏನೂ ಕೇಳುವುದಿಲ್ಲ. ನಾಗವೇಣಿ ಹೇಳುತ್ತಿದ್ದ ಪ್ಲಾಟ್‌ಫಾರಂ ಟಿಕೆಟ್ಟು ಇಲ್ಲೂ ಇತ್ತು, ಅದೂ ಬಿಟ್ಟಿ. ದರದ ವಿಷಯದಲ್ಲಿ ಇಷ್ಟು ಲೆಕ್ಕ ಇಡುವ ನನಗೆ ಇದು ತಿಳಿದಿರಲಿಲ್ಲ. ಇದರ ಮೊದಲ ಸಾಲುಗಳನ್ನು ಬರೆಯುವ ಹೊತ್ತಿಗೆ ಸೆಂಟ್ರಲ್ ಬಂತು. ಇಳಿದು, ಬೆಂಚಿನ ಮೇಲೆ ಕೂತು ಅವಳಿಗೆ ಮೆಸೇಜು ಹಾಕಿದೆ: "ನಾಗೀ, ಗೇಟಿನ ಈಚೆ ನಿಂತರೆ ಏನೂ ಕತ್ತರಿಸಲ್ಲ. ಅವತ್ತು ಗೇಟಿನವರೆಗೂ ನಾನು ಬರಬಹುದಿತ್ತು."

ಅಲ್ಲಿ ಇನ್ನೂ ಬೆಳಗಿನ ಆರೂವರೆಯ ಹತ್ತಿರ. ತಕ್ಷಣ ಉತ್ತರ ಬಂತು.

"ಗೊತ್ತಿತ್ತು ಕಣೇ. ಗಾರ್ಡ್ ಮಗಳಿಗೆ ಅಷ್ಟೂ ಗೊತ್ತಿರಲ್ವಾ?"

ಅದರ ಹಿಂದೆಯೇ ಇನ್ನೊಂದು. "ಇನ್ನೊಂದು ಸಲ ಬರ್ತೀನಿ ಅಂದಿದ್ರೆ ಬಾ ಅಂತಿದ್ದೆ. ನೀನು ಇಳಿದೇಬಿಟ್ಟೆ."

ನಮ್ಮ ಮನೆಗಳಲ್ಲಿ ಮೊದಲನೇ ಸಲ ಕೇಳಿದಾಗ ಯಾರೂ ಕಾಫಿಗೆ ಹೂಂ ಅನ್ನುವುದಿಲ್ಲ. ಎರಡನೇ ಸಲ ಕೇಳದ ಮನೆಗೆ ಮತ್ತೆ ಹೋಗುವುದೂ ಇಲ್ಲ. ನಾನೂ ಹಾಗೆಯೇ ಬೆಳೆದವಳು. ಆದರೆ ಆಫೀಸಿನಲ್ಲಿ ಇಲ್ಲಿಯವರು ಟೀ ಬೇಡ ಅಂದರೆ ಟೀ ಬರುವುದಿಲ್ಲ, ಯಾರಿಗೂ ಬೇಸರವೂ ಇಲ್ಲ. ಜನ ಹೇಳಿದ್ದನ್ನು ಮೊದಲನೇ ಸಲಕ್ಕೇ ನಂಬುವುದನ್ನು ಕಲಿತು, ಅದೊಂದು ಒಳ್ಳೆಯ ಗುಣವೆಂದು ತಿಳಿದಿದ್ದೆ. ಕಲಿತದ್ದನ್ನು ನಾಗವೇಣಿಯ ಮೇಲೆ ಪ್ರಯೋಗಿಸಬಾರದಾಗಿತ್ತು.

"ಡಿಸೆಂಬರಲ್ಲಿ ಅರಸೀಕೆರೆಗೆ ಬರ್ತೀನಿ" ಎಂದು ಬರೆದೆ.

"ಅಷ್ಟು ದೂರ ಯಾಕೆ, ಬೇಡ. ನಿಂಗೆ ಸುಮ್ನೆ ತೊಂದರೆ. ಬೆಂಗಳೂರಲ್ಲಿ ಸಿಕ್ಕರೆ ನೋಡೋಣ."

"ಬರ್ತೀನಿ" ಎಂದು ಮತ್ತೆ ಬರೆದೆ. ಟೂಂಗಾಬಿಯ ರೈಲು ಹತ್ತಿ ಕೂತು ಇದನ್ನು ಮುಗಿಸುತ್ತಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಬಾರದಿದ್ದರೆ ಸಂಜೆ ಫೋನ್ ಮಾಡಿ ಮೂರನೇ ಸಲ ಹೇಳುತ್ತೇನೆ. ಅದಕ್ಕೂ ಬೇಡ ಅಂದರೆ, ಅದು ಹಳೆಯ ನಾಗವೇಣಿಯ ಮಾತೋ ಈಗಿನವಳದೋ ಎಂದು ತಿಳಿಯುವಷ್ಟು ನಾನು ಅವಳ ಹತ್ತಿರ ಉಳಿದಿಲ್ಲ.

ಓದುಗರಲ್ಲಿ ಒಂದು ಕೋರಿಕೆ. ಟ್ಯಾಪ್ ಮಾಡಿ ಒಳಗೆ ಹೋದವರು ಏರ್‌ಪೋರ್ಟಿನ ಗೇಟಿನ ಈಚೆ ಎಷ್ಟು ಹೊತ್ತು ನಿಂತಿರಬಹುದು, ಎಷ್ಟು ಹೊತ್ತಾದರೆ ಕಾರ್ಡಿನಿಂದ ದಂಡ ಕತ್ತರಿಸುತ್ತದೆ? ಸೆಂಟ್ರಲ್‌ನಲ್ಲಿ ಕೇಳಿದರೆ ಆ ಸ್ಟೇಷನ್ನಿನವರನ್ನೇ ಕೇಳಿ ಅಂದರು. ಆ ಸ್ಟೇಷನ್ನಿಗೆ ಫೋನ್ ಮಾಡಿದರೆ ಕಾರ್ಡು ನಮ್ಮದಲ್ಲ ಅಂದರು. ಸರಿಯಾಗಿ ಗೊತ್ತಿರುವವರು ದಯವಿಟ್ಟು ಬರೆದು ತಿಳಿಸಿ. ಯಾರನ್ನೋ ಕಳಿಸಿಕೊಡಲು ಹೋಗಿ, ಅವರು ಬೇಡ ಅಂದರೆಂದು ಮ್ಯಾಸ್ಕಾಟಿನಲ್ಲೇ ಇಳಿದುಬಿಡುವವರು ನನ್ನ ಹಾಗೆ ಇನ್ನೂ ಇರಬಹುದು.