ಇಳಿದ ನೀರು ಏರಿದ ದಿನ

ನಮ್ಮ ಕಡೆ ಗಂಡ ಹೆಂಡಿರಿಬ್ಬರೇ ದೂರದ ಊರಿಗೆ ಹೊರಟರೆ ಕಾರಣ ದೇವರಿರಬೇಕು, ಇಲ್ಲವೇ ಸಾವಿರಬೇಕು. ಯುದ್ಧದ ಈ ನಾಲ್ಕನೆಯ ಬೇಸಿಗೆಯಲ್ಲಿ ನಾವು ಗಂಟುಮೂಟೆಯೊಂದಿಗೆ ನಲ್ಲೂರಿನ ಹುಣಿಸೆ ತೋಪಿನ ನೆರಳಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಅಲ್ಲಿದ್ದವರೆಲ್ಲ ಯಾವ ದೇವರ ಹರಕೆ ಎಂದು ಕೇಳಿದರು. ಹರಕೆಯಲ್ಲ, ಸುಮ್ಮನೆ ಸಮುದ್ರ ನೋಡಿಕೊಂಡು ಬರುತ್ತೇವೆ ಎಂದರು ನಮ್ಮವರು.

"ಯಾಕಪ್ಪಾ, ನಮ್ಮ ಕೆರೇಲಿ ನೀರಿಲ್ವಾ?" ಎಂದು ಒಬ್ಬ ಮುದುಕರು ಕೇಳಿದ್ದಕ್ಕೆ ಎಲ್ಲರೂ ನಕ್ಕರು. ನಮ್ಮವರೂ ನಕ್ಕರು.

ಸುಮ್ಮನೆಯೇನೂ ಆಗಿರಲಿಲ್ಲ. ದೊಡ್ಡಬಳ್ಳಾಪುರದಲ್ಲಿ ಲಾರಿ ಓಡಿಸಲು ಕಲಿತಿದ್ದ ನಮ್ಮವರು, ಮದುವೆಯಾಗಿ ವರ್ಷ ತುಂಬುವ ಮೊದಲೇ ಮಿಲಿಟರಿಗೆ ಡ್ರೈವರಾಗಿ ಸೇರಿದ್ದರು. ಹಡಗು ಹತ್ತಿಸುವ ಮುಂಚೆ ಹತ್ತು ದಿನದ ರಜೆ ಕೊಟ್ಟು ಮನೆಗೆ ಕಳಿಸಿದ್ದರು. ಯಾವ ದೇಶಕ್ಕೆ ಎಂದು ಹೇಳಿರಲಿಲ್ಲ. ಬಾವಿಗೆ ಧುಮುಕಿ ಮೀನಿನ ಹಾಗೆ ಈಜುತ್ತಿದ್ದವರಿಗೆ ನೀರಿನ ಭಯವಿರಲಿಲ್ಲ. ಭಯವಿದ್ದದ್ದು ಆಚೆ ದಡ ಕಾಣದ ನೀರಿನದು. ಲಾರಿ ಕೆಟ್ಟರೆ ಇಳಿದು ನಿಲ್ಲಬಹುದು, ಹಡಗು ಕೆಟ್ಟರೆ ಎಲ್ಲಿ ಇಳಿಯೋದು ಎಂದು ಮುದ್ದೆ ಮುರಿಯುತ್ತಾ ಒಂದು ಸಲ ಕೇಳಿದರು. ಅತ್ತೆ ಇನ್ನೊಂದು ಸೌಟು ಸಾರು ಬಡಿಸಿದರು.

ಬೆಂಗಳೂರಿನ ಶಿಬಿರದಲ್ಲಿ ಅವರ ಜೊತೆಗಿದ್ದ ಮಲ್ಪೆಯ ಹುಡುಗನೊಬ್ಬ, ನಮ್ಮ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬನ್ನಿ, ನಮ್ಮಪ್ಪ ದಿನಾ ದೋಣಿಯಲ್ಲಿ ದ್ವೀಪಕ್ಕೆ ಕರೆದುಕೊಂಡು ಹೋಗುತ್ತಾರೆ, ಭಯ ಬಿಟ್ಟುಹೋಗುತ್ತದೆ ಎಂದಿದ್ದನಂತೆ. ಇವರು ಹೊರಟದ್ದು ಭಯ ಬಿಡುವುದಕ್ಕೆ. ನಾನು ಜೊತೆಗೆ ಹೊರಟದ್ದು ಬೇರೆ ಆಸೆಯಿಂದ. ಸಮುದ್ರವನ್ನು ಕಣ್ಣಾರೆ ಕಂಡರೆ ಇವರ ಮನಸ್ಸು ತಿರುಗೀತು, ವಾಪಸು ಹೋಗಿ ಹಡಗು ಹತ್ತಲಾರೆ ಎಂದು ಹೇಳಿಯಾರು ಎಂದುಕೊಂಡಿದ್ದೆ. ಸಿಪಾಯಿಯಾದವನು ಹಾಗೆ ಹೇಳಬಹುದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಯಾರನ್ನೂ ಕೇಳಲಿಲ್ಲ.

ಶಿವಮೊಗ್ಗದವರೆಗೆ ರೈಲು. ಅಲ್ಲಿಂದ ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸು. ಏರು ಬಂದಲ್ಲೆಲ್ಲ ಗಂಡಸರು ಇಳಿದು ತಳ್ಳಬೇಕಾಗಿತ್ತು. ಇವರು ಡ್ರೈವರನ ಪಕ್ಕ ನಿಂತು ಅವನಿಗೆ ಬುದ್ಧಿ ಹೇಳುತ್ತಾ ಬಂದರು. ಘಟ್ಟ ಇಳಿದು, ಉಡುಪಿ ದಾಟಿ, ಮೂರನೆಯ ದಿನ ಸಂಜೆ ಮಲ್ಪೆ ಸೇರಿದೆವು. ತೆಂಗಿನ ಮರಗಳ ನಡುವೆ ಸೋಗೆಯ ಮನೆ. ದೋಣಿಯ ಯಜಮಾನರಿಗೆ, ಎಂದರೆ ಆ ಹುಡುಗನ ಅಪ್ಪನಿಗೆ, ಅರವತ್ತಾದರೂ ಆಗಿರಬೇಕು. ಅವರ ಹೆಂಡತಿಗೆ ಕನ್ನಡ ಅಷ್ಟಾಗಿ ಬರದು, ನನಗೆ ತುಳು ಬರದು. ನಾವು ತಂದ ರಾಗಿ ಹಿಟ್ಟನ್ನು ಅವರು ಮೂಸಿ ನೋಡಿ ನಕ್ಕರು, ಅವರ ಕುಚ್ಚಲಕ್ಕಿ ಅನ್ನದ ದಪ್ಪ ಅಗುಳು ಕಂಡು ನಾನು ನಕ್ಕೆ. ಅಷ್ಟರಲ್ಲೇ ಸ್ನೇಹವಾಯಿತು.

ಸುಳ್ಳು ಹೇಳಬಾರದು, ಅಷ್ಟು ಸುಖವಾದ ದಿನಗಳನ್ನು ನಾನು ಕಂಡಿಲ್ಲ. ಸೆಗಣಿ ಬಾಚಬೇಕಾಗಿಲ್ಲ, ನೀರು ಸೇದಬೇಕಾಗಿಲ್ಲ. ಮಧ್ಯಾಹ್ನ ಜಗಲಿಯಲ್ಲಿ ಚಾಪೆ ಹಾಸಿ ಇಬ್ಬರೂ ಮಲಗುತ್ತಿದ್ದೆವು. ನಮ್ಮೂರಲ್ಲಿ ಹಗಲು ಹೊತ್ತು ನಾವು ಒಂದೇ ಜಗಲಿಯಲ್ಲಿ ಕೂತದ್ದೂ ಇಲ್ಲ. ಗಾಳಿ ಒಂದೇ ಸಮನೆ ಬೀಸುತ್ತಿತ್ತು. ಇವರು ಹಾಡಿಕೊಳ್ಳುತ್ತಿದ್ದರು, ಇವರಿಗೆ ಹಾಡು ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ದೋಣಿ. ನನಗೆ ಎಲ್ಲವನ್ನೂ ತಾರೀಖು ಹಾಕಿ ಬರೆದಿಡುವ ಅಭ್ಯಾಸ. ತವರಿನ ಗದ್ದೆಗಳು ಕೆರೆಯ ಕೆಳಗಿದ್ದದ್ದರಿಂದ, ಪ್ರತಿ ಸೋಮವಾರ ತೂಬಿನ ಹತ್ತಿರ ಹೋಗಿ ನೀರು ಎಷ್ಟು ಮೆಟ್ಟಿಲು ಇಳಿದಿದೆ ಎಂದು ನೋಡಿ ಬರೆಯುವುದು ಮಿಡ್ಲ್ ಸ್ಕೂಲಿನ ಕಾಲದಿಂದ ನನ್ನ ಕೆಲಸ. ಗಂಡನ ಮನೆಗೆ ಬಂದ ಮೇಲೂ ಇಲ್ಲಿನ ಕೆರೆಗೆ ಅದನ್ನೇ ನಡೆಸಿಕೊಂಡು ಬಂದಿದ್ದೇನೆ. ದೋಣಿಯ ವಿಷಯವನ್ನೂ ಹಾಗೆಯೇ ಬರೆದೆ. ಮೊದಲ ದಿನ ಇವರು ದೋಣಿಯ ಎರಡೂ ಅಂಚು ಹಿಡಿದು ಕಣ್ಣು ಮುಚ್ಚಿ ಕೂತರು. ಮೂರು ಸಲ ವಾಂತಿ. ಎರಡನೆಯ ದಿನ ಒಂದು ಸಲ. ಮೂರನೆಯ ದಿನ ವಾಂತಿಯಿಲ್ಲ. ಯಜಮಾನರಿಂದ ಹುಟ್ಟು ಕೇಳಿ ತೆಗೆದುಕೊಂಡರು. ಅದನ್ನು ಬರೆಯುವಾಗ ನನಗೆ ಅಳು ಬಂತು. ಇವರು ಉಪ್ಪುನೀರಿನಿಂದ ಕಣ್ಣು ಉರಿಯುತ್ತಿದೆ ಎಂದುಕೊಂಡು, ತೊಳಕೊಳ್ಳಲು ಸಿಹಿನೀರು ತಂದುಕೊಟ್ಟರು.

ನಾಲ್ಕನೆಯ ದಿನವೇ ಕೊನೆಯದು. ಮರುದಿನ ಬೆಳಗಿನ ಮೊದಲ ಬಸ್ಸು ಹಿಡಿದು ಘಟ್ಟ ಹತ್ತಿದರೆ ಮಾತ್ರ ಶಿಬಿರಕ್ಕೆ ಹೇಳಿದ ದಿನ ಸೇರಬಹುದಿತ್ತು. ಒಂದು ದಿನ ತಪ್ಪಿದರೂ ಓಡಿಹೋದವನ ಲೆಕ್ಕ. ಹೊಸಕೋಟೆಯ ಕಡೆಯವನೊಬ್ಬನನ್ನು ಪೊಲೀಸರು ಮನೆಯಿಂದಲೇ ಕರೆದೊಯ್ದ ಕಥೆ ನಮಗೆ ಗೊತ್ತಿತ್ತು. ಆದರೂ ಕೊನೆಯದಾಗಿ ಒಂದು ಸಲ ದ್ವೀಪಕ್ಕೆ ಹೋಗಿ ಬರೋಣವೆಂದು ಇವರೇ ಹಟ ಮಾಡಿದರು. ಅರ್ಧ ದಾರಿ ತಾವೇ ಹುಟ್ಟು ಹಾಕಿದರು.

ದ್ವೀಪವೆಂದರೆ ಕರಿಯ ಕಲ್ಲು, ಒಂದಿಷ್ಟು ತೆಂಗು, ಚಿಪ್ಪು ತುಂಬಿದ ಮರಳು. ಯಜಮಾನರು ದೋಣಿಯನ್ನು ನೀರಿನಲ್ಲೇ ಕಲ್ಲಿಗೆ ಕಟ್ಟಿ, ಎಳನೀರು ಕೀಳಲು ಆಚೆ ಹೋದರು. ದೋಣಿ ನೀರಿನಲ್ಲಿ ಓಲಾಡುತ್ತಿದ್ದದ್ದು ಇವರ ಕಣ್ಣಿಗೆ ಸರಿಬರಲಿಲ್ಲ. ನಮ್ಮ ಕೆರೆಯಲ್ಲಿ ಹರಿಗೋಲನ್ನು ಯಾರೂ ನೀರಿನಲ್ಲಿ ಬಿಡುವುದಿಲ್ಲ, ದಡಕ್ಕೆಳೆದು ಬೋರಲು ಹಾಕುತ್ತಾರೆ. ಇವರು ಹಗ್ಗ ಬಿಚ್ಚಿ, ಅಲೆ ಎತ್ತಿದಾಗಲೆಲ್ಲ ಒಂದೊಂದು ಮೊಳದಂತೆ ಎಳೆದು, ದೋಣಿಯನ್ನು ಮರಳಿನ ಮೇಲಕ್ಕೆ ತಂದು ನಿಲ್ಲಿಸಿದರು. ನಾನೂ ಕೈಹಾಕಿದೆ. ಒಳ್ಳೆಯ ಕೆಲಸ ಮಾಡಿದೆವೆಂದುಕೊಂಡು ಕಲ್ಲುಗಳ ಆಚೆ ಚಿಪ್ಪು ಆರಿಸಲು ಹೋದೆವು.

ಬಂದು ನೋಡುತ್ತೇವೆ, ನೀರು ಎಲ್ಲೋ ಕೆಳಗಿದೆ. ದೋಣಿಗೂ ನೀರಿಗೂ ನಡುವೆ ಪಾಚಿಗಟ್ಟಿದ ಕಲ್ಲುಗಳು ಎದ್ದುನಿಂತಿವೆ. ದಂಡೆಯಲ್ಲಿ ನೀರು ಹಿಂದೆ ಮುಂದೆ ಸರಿಯುವುದನ್ನು ನಾನು ನೋಡಿದ್ದೆ, ಗಾಳಿಗೆ ಹಾಗಾಗುತ್ತದೆ ಎಂದುಕೊಂಡಿದ್ದೆ. ಇಷ್ಟು ಇಳಿಯುತ್ತದೆಂದು ಇಬ್ಬರಿಗೂ ತಿಳಿಯದು. ಮೂವರೂ ಸೇರಿ ತಳ್ಳಿದರೂ ದೋಣಿ ಮಿಸುಕಲಿಲ್ಲ. ಇವರ ಮುಖ ಬೆಳ್ಳಗಾಯಿತು.

"ಯಜಮಾನ್ರೇ, ನಾಳೆ ಬಸ್ಸು ತಪ್ಪಿದ್ರೆ ನಾನು ಕೆಟ್ಟೆ."

"ಎಂತಕ್ಕೆ ಹೆದರುವುದು? ಹೋದ ನೀರು ಬರ್ತದೆ. ಬಾರದೆ ಅದು ಎಲ್ಲಿಗೆ ಹೋಗ್ತದೆ?" ಎಂದು ಅವರು ಎಳನೀರು ಕೆತ್ತಿ ಕೊಟ್ಟು, ಮರದ ನೆರಳಿನಲ್ಲಿ ಮಲಗಿಬಿಟ್ಟರು.

ನಾನು ನಂಬಲಿಲ್ಲ. ಕೆರೆಯಿಂದ ಹೋದ ನೀರು ಮಳೆಯಿಲ್ಲದೆ ಬಂದದ್ದನ್ನು ಹುಟ್ಟಿದಾಗಿನಿಂದ ನಾನು ಕಂಡಿಲ್ಲ. ಯುಗಾದಿ ಕಳೆದ ಮೇಲೆ ಇಳಿಯಲು ತೊಡಗಿದರೆ ಇಳಿಯುವುದೇ. ಏರಬೇಕಾದರೆ ಮೋಡ ಕಟ್ಟಬೇಕು. ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ನನ್ನ ಎದೆಯಲ್ಲಿ ಏನೋ ಹಗುರಾಯಿತು. ಇವರು ನೀರಿನವರೆಗೆ ಹೋಗುವುದು, ಬರುವುದು. ನಾನು ದೋಣಿಗೆ ಒರಗಿ ಕೂತು ಕೇಳಿದೆ.

"ನೀರು ಬರ್ದೇ ಇದ್ರೆ ಏನಾಗುತ್ತೆ?"

"ಏನಾಗುತ್ತೆ, ಹಿಡ್ಕೊಂಡು ಹೋಗ್ತಾರೆ."

"ಹಿಡ್ಕೊಂಡೋಗಿ ಎಲ್ಲಿಡ್ತಾರೆ?"

"ಬೆಂಗ್ಳೂರಲ್ಲೇ ಎಲ್ಲೋ ಇಡ್ತಾರೆ. ಯಾಕೇ?"

"ಸುಮ್ನೆ ಕೇಳ್ದೆ."

ಬೆಂಗಳೂರಿಗೆ ನಮ್ಮೂರಿಂದ ಅರ್ಧ ದಿನ. ಬುತ್ತಿ ಕಟ್ಟಿಕೊಂಡು ಹೋಗಿ ಬರಬಹುದು. ಜೈಲಿಗೆ ನಾಲ್ಕು ಗೋಡೆಯಾದರೂ ಇರುತ್ತವೆ, ಹೊರಗೆ ನಿಂತು ಇವರು ಇದರೊಳಗಿದ್ದಾರೆ ಎಂದು ತೋರಿಸಬಹುದು. ನಾನು ಹಾಗೆ ಯೋಚಿಸುತ್ತಿದ್ದುದು ಇವರಿಗೆ ಗೊತ್ತಾಗಲಿಲ್ಲ.

ಕೈ ಸುಮ್ಮನಿರದೆ, ಅಭ್ಯಾಸಬಲದಿಂದ, ನೀರಿನ ಅಂಚಿಗೆ ಒಂದು ಬಿಳಿ ಚಿಪ್ಪು ಇಟ್ಟು ಬಂದೆ. ಸ್ವಲ್ಪ ಹೊತ್ತಿಗೆ ನೀರು ಅದನ್ನು ಬಿಟ್ಟು ಕೆಳಗೆ ಹೋಗಿತ್ತು. ಇನ್ನೊಂದು ಇಟ್ಟೆ. ಅದನ್ನೂ ಬಿಟ್ಟು ಹೋಯಿತು. ಐದು ಚಿಪ್ಪುಗಳಾದವು. ಆರನೆಯದನ್ನು ಇಟ್ಟ ಮೇಲೆ ನೀರು ಅಲ್ಲೇ ನಿಂತಿತು. ತುಂಬಾ ಹೊತ್ತು ನಿಂತಿತು. ಆಮೇಲೆ ಆರನೆಯ ಚಿಪ್ಪು ಕಾಣಲಿಲ್ಲ.

ಅಲೆ ಬಡಿದು ಒಯ್ದಿರಬೇಕು ಎಂದುಕೊಂಡೆ. ಐದನೆಯದರ ಸುತ್ತ ನೀರು ಮೊದಲು ಸುಳಿಯಿತು, ಎತ್ತಿತು, ಮತ್ತೆ ಇಟ್ಟಿತು, ಆಮೇಲೆ ಮುಚ್ಚಿತು. ಮೋಡವಿಲ್ಲ, ಮಳೆಯಿಲ್ಲ, ತೂಬು ಎತ್ತಿದವರಿಲ್ಲ. ಸದ್ದೇ ಇಲ್ಲದೆ ಕಲ್ಲುಗಳ ಸಂದಿಯಲ್ಲಿ ಬಂತು. ನಾನು ಎದ್ದು ಹೋಗಿ ನಾಲ್ಕನೆಯ ಚಿಪ್ಪಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಕೂತು ಮಾಡುವುದೇನು? ಕೆರೆಯ ಏರಿ ಒಡೆದರೆ ಊರವರೆಲ್ಲ ಬುಟ್ಟಿ ಮಣ್ಣು ಹೊತ್ತು ತಂದು ಸುರಿಯುತ್ತಾರೆ. ಇದಕ್ಕೆ ಯಾವ ಮಣ್ಣು ತರಲಿ? ನೀರು ನನ್ನ ಪಾದ ತೋಯಿಸಿ, ಸೀರೆಯ ಅಂಚು ತೋಯಿಸಿ, ನನ್ನನ್ನು ದಾಟಿಕೊಂಡು ಮೂರನೆಯ ಚಿಪ್ಪಿನ ಕಡೆಗೆ ಹೋಯಿತು.

"ಬಂತು ನೋಡೇ! ಬಂತು!" ಎಂದು ಇವರು ಮಕ್ಕಳ ಹಾಗೆ ಕೂಗಿದರು. ಯಜಮಾನರು ಎದ್ದು ಮುಂಡು ಎತ್ತಿ ಕಟ್ಟಿದರು. ಹೊತ್ತು ಮುಳುಗುವ ಮುಂಚೆಯೇ ದೋಣಿಯ ತಳ ಒಂದು ಸಲ ನರಳಿ, ಓಲಾಡಿ, ತೇಲಿತು. ನಾನು ತಳ್ಳಲಿಲ್ಲ, ತಡೆಯಲೂ ಇಲ್ಲ. ಇವರು ಕೈಹಿಡಿದು ಹತ್ತಿಸಿಕೊಂಡರು. ಪೂರ್ತಿ ದಾರಿ ತಾವೇ ಹುಟ್ಟು ಹಾಕಿದರು. ಮುಖದಲ್ಲಿ ಎಳ್ಳಷ್ಟೂ ಭಯವಿರಲಿಲ್ಲ. ಮಲ್ಪೆಯ ದೀಪಗಳು ಕಂಡಾಗ, "ನೋಡು, ಎಷ್ಟು ದೊಡ್ಡದಾದ್ರೂ ಅದಕ್ಕೂ ಒಂದು ದಡ ಐತೆ" ಎಂದರು. ನನ್ನನ್ನು ಸಮಾಧಾನ ಮಾಡಲು ಹೇಳಿದ್ದೋ, ತಮಗೇ ಹೇಳಿಕೊಂಡದ್ದೋ.

ಬಸ್ಸು ಸಿಕ್ಕಿತು. ರೈಲು ಸಿಕ್ಕಿತು. ಹೇಳಿದ ದಿನಕ್ಕೆ ಹೋಗಿ ಸೇರಿದರು.

ನಾನು ಒಬ್ಬಳೇ ಮನೆಗೆ ಬಂದಾಗ ಅತ್ತೆ ಕಾಲಿಗೆ ನೀರು ಕೊಟ್ಟು, ಸಮುದ್ರ ಹೆಂಗಿತ್ತಮ್ಮ ಎಂದು ಕೇಳಿದರು. ಹೇಳಲು ಬೇರೇನೂ ತೋಚದೆ, "ಅಲ್ಲಿ ಹೋದ ನೀರು ಅದೇ ದಿನ ವಾಪಸ್ ಬರುತ್ತೆ ಅತ್ತೆ" ಎಂದೆ.

ಅವರು ಚೆಂಬು ಹಿಡಿದು ನಿಂತೇ ಇದ್ದರು. "ಮಳೆ ಇಲ್ದೆ?"

"ಮಳೆ ಇಲ್ದೆ."

"ಹಂಗಾದ್ರೆ ಬಿಡು. ಅಂಥಾ ನೀರ ಮೇಲೆ ಹೋದೋನು ಬಂದೇ ಬರ್ತಾನೆ" ಎಂದರು. ಆವತ್ತಿನಿಂದ ಮನೆಗೆ ಬಂದವರಿಗೆಲ್ಲ ಆ ಮಾತು ಹೇಳುತ್ತಾರೆ, ಸೊಸೆ ಕಣ್ಣಾರೆ ಕಂಡು ಬಂದಿದ್ದಾಳೆ ಎಂದು ನನ್ನ ಕಡೆ ಕೈ ತೋರಿಸುತ್ತಾರೆ. ನಾನು ಹೌದೆಂದು ತಲೆಯಾಡಿಸುತ್ತೇನೆ. ಕಂಡದ್ದು ನಿಜವೇ.

ಈ ಸೋಮವಾರ ಎಂದಿನಂತೆ ಕೆರೆಗೆ ಹೋಗಿದ್ದೆ. ಮಳೆ ಇನ್ನೂ ಬಂದಿಲ್ಲ. ಹೋದ ವಾರಕ್ಕಿಂತ ಎರಡು ಮೆಟ್ಟಿಲು ಇಳಿದಿದೆ. ಸ್ವಲ್ಪ ಹೊತ್ತು ಹೆಚ್ಚಾಗಿಯೇ ಕೂತು ನೋಡಿ, ಬಂದು ಬರೆದಿಟ್ಟೆ.