ಎರಡನೇ ಕೂಗಿಗೆ ಬಿಟ್ಟ ಸೀಟು

ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಪೂರ್ತಿಯಲ್ಲ. ಐವತ್ತು ವರ್ಷ ರೇಷ್ಮೆ ಹುಳು ಸಾಕಿದ ಈ ಕೈಯಲ್ಲಿ ಪೆನ್ನು ನೆಟ್ಟಗೆ ನಿಲ್ಲುವುದಿಲ್ಲ. ಆದರೂ ಬರೆಯುತ್ತಿದ್ದೇನೆ. ಇಷ್ಟು ಸಂತೋಷವನ್ನು ಒಳಗೇ ಇಟ್ಟುಕೊಂಡರೆ ಎದೆ ತಡೆಯುವುದಿಲ್ಲ ಅನ್ನಿಸಿದೆ. ನನ್ನ ಮೊಮ್ಮಗಳು ಎಂ.ಎ. ಓದಲು ಹೋಗಿದ್ದಾಳೆ. ಸಾರ್ವಜನಿಕ ನೀತಿ ಎಂದು ಆ ಓದಿನ ಹೆಸರು. ಈ ಸಂತೋಷದ ಬುಡದಲ್ಲಿ ನಾನು ಮಾಡಿದ ಒಂದು ತಪ್ಪೂ ಇದೆ. ಅದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ.

ನಮ್ಮದು ಶಿಡ್ಲಘಟ್ಟ ತಾಲ್ಲೂಕು, ದಿಬ್ಬೂರಹಳ್ಳಿಯ ಕಡೆ. ಮೊಮ್ಮಗಳು ಚಿಕ್ಕಬಳ್ಳಾಪುರಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬಿ.ಎ. ಮುಗಿಸಿದಳು. ಆಮೇಲೆ ಎರಡು ವರ್ಷ ಚಿಂತಾಮಣಿಯಲ್ಲಿ ಕೆಲಸ ಮಾಡಿದಳು. ಹಳ್ಳಿಹಳ್ಳಿಗೆ ಹೋಗಿ, ನೀರು ಬರುತ್ತಾ, ಪಿಂಚಣಿ ಬರುತ್ತಾ ಎಂದು ಕೇಳಿ ಬರೆದುಕೊಳ್ಳುವ ಕೆಲಸ. ಒಂದು ಸಂಜೆ ಜಗಲಿಯ ಮೇಲೆ ನನ್ನ ಪಕ್ಕ ಕೂತು ಇನ್ನೂ ಓದುತ್ತೇನೆ ಎಂದಳು.

"ಯಾತರ ಓದಮ್ಮ?"

"ಸರ್ಕಾರ ಒಂದು ನಿಯಮ ಮಾಡತ್ತಲ್ಲ ತಾತ, ಅದು ಯಾರಿಗೆ ಮುಟ್ಟತ್ತೆ, ಯಾರಿಗೆ ಮುಟ್ಟಲ್ಲ, ಯಾಕೆ ಮುಟ್ಟಲ್ಲ ಅಂತ."

"ಅದಕ್ಕೆ ಓದಬೇಕಾ? ನನ್ನ ಕೇಳಿದ್ರೆ ಇಲ್ಲೇ ಕೂತು ಹೇಳ್ತೀನಿ."

"ನೀನ್ ಹೇಳ್ತೀಯ. ಬರ್ಕೊಳೋರು ಬೇಕಲ್ಲ?"

ಹಂಗಾದ್ರೆ ಅರ್ಜಿ ಹಾಕಮ್ಮ ಎಂದೆ.

ಎರಡು ಕಡೆ ಸೀಟು ಸಿಕ್ಕಿತು. ಒಂದು ಬೆಂಗಳೂರಿನಲ್ಲಿ. ಶನಿವಾರ ಬಸ್ ಹತ್ತಿದರೆ ಸಂಜೆ ಮನೆಯಲ್ಲಿರಬಹುದು. ಆದರೆ ಅಲ್ಲಿ ಇವಳಿಗೆ ಹಾಸ್ಟೆಲ್ ಇಲ್ಲ, ಹೊರಗೆ ರೂಮು ನೋಡಿಕೊಳ್ಳಬೇಕು. ಇನ್ನೊಂದು ರೈಲಿನಲ್ಲಿ ಒಂದೂವರೆ ದಿನದ ದಾರಿ. ಅಲ್ಲಿ ಎಲ್ಲ ರಾಜ್ಯದ ಮಕ್ಕಳೂ ಕಾಲೇಜಿನ ಒಳಗೇ ಇದ್ದು, ಒಟ್ಟಿಗೆ ಉಂಡು, ಒಟ್ಟಿಗೆ ಓದುತ್ತಾರಂತೆ. ಇವಳು ಹಳೇ ಕ್ಯಾಲೆಂಡರಿನ ಹಾಳೆ ತಿರುವಿ, ನಡುವೆ ಗೆರೆ ಎಳೆದು, ಆ ಕಡೆ ಈ ಕಡೆ ಏನೇನೋ ಬರೆಯುತ್ತಿದ್ದಳು. ಪಾಠ, ಮೇಷ್ಟ್ರುಗಳು, ಜೊತೆಯವರು, ಊಟ. ಬರೆದದ್ದನ್ನು ಹೊಡೆದುಹಾಕುತ್ತಿದ್ದಳು. ನನ್ನ ಹೆಂಡತಿ ಅಡುಗೆಮನೆಯಿಂದಲೇ, "ಮುದ್ದೆ ಸಿಗತ್ತಾ ಅಂತಾನೂ ಬರ್ಕೊಳೇ" ಎನ್ನುತ್ತಿದ್ದಳು. ನನ್ನ ಮನಸ್ಸು ಬೆಂಗಳೂರಿನ ಕಡೆಗಿತ್ತು. ಬಾಯಿಬಿಟ್ಟು ಹೇಳಲಿಲ್ಲ.

ಬೆಂಗಳೂರಿನವರಿಗೆ ಒಪ್ಪಿಗೆ ತಿಳಿಸುವ ಕೊನೆಯ ದಿನ ಬಂತು. ಸಂಜೆಯೊಳಗೆ ಹೇಳುತ್ತೇನೆ ಎಂದುಕೊಂಡು ಇವಳು ಹುಳದ ಮನೆಗೆ ಹೋದಳು. ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಹುಳು ಬಕಾಸುರನ ಹಾಗೆ ಹಿಪ್ಪುನೇರಳೆ ಸೊಪ್ಪು ತಿನ್ನುತ್ತದೆ. ಆ ವಾರ ಮನೆಯವರೆಲ್ಲ ಅದಕ್ಕೇ ದುಡಿಯಬೇಕು. ಒಳಗೆ ಹೋಗುವವರು ಕೈಕಾಲು ತೊಳೆದು, ಸುಣ್ಣ ತುಳಿದು ಹೋಗಬೇಕು. ಹೊರಗಿನ ವಸ್ತು ಒಯ್ಯುವಂತಿಲ್ಲ. ಹಾಗಾಗಿ ಅವಳ ಫೋನು ಜಗಲಿಯ ಮೇಲೆ ನನ್ನ ಹತ್ತಿರವಿತ್ತು. ಅದು ಹೊಡೆದುಕೊಂಡಿತು. ಎತ್ತಿ, ಅವಳ ತಾತ ಮಾತಾಡೋದು ಎಂದೆ.

ಬೆಂಗಳೂರಿನ ಕಾಲೇಜಿನ ಹೆಣ್ಣುಮಗಳು. ಒಳ್ಳೆಯ ಕನ್ನಡದಲ್ಲಿ, "ಇವತ್ತು ಕೊನೇ ದಿನ, ನಿಮ್ಮ ಮೊಮ್ಮಗಳು ಸೇರ್ತಾರಾ?" ಎಂದು ಕೇಳಿದಳು.

ಇಲ್ಲಿ ನಮ್ಮ ಗೂಡಿನ ಮಾರುಕಟ್ಟೆಯ ರೀತಿಯನ್ನು ಹೇಳಬೇಕು. ರೇಷ್ಮೆ ಗೂಡು ಒಯ್ದು ರಾಶಿ ಹಾಕುತ್ತೇವೆ. ಕೊಳ್ಳುವವರು ಹರಾಜು ಕೂಗುತ್ತಾರೆ. ಈಗ ಅದೆಲ್ಲ ಮೊಬೈಲಿನಲ್ಲಿ ನಡೆಯುತ್ತದೆ, ನಮ್ಮ ಬಾಯಲ್ಲಿ ಮಾತ್ರ ಇನ್ನೂ ಕೂಗು. ಮೊದಲನೇ ಕೂಗು ಹಿಡಿಸದಿದ್ದರೆ ಬೇಡ ಎನ್ನಬಹುದು. ಅದೇ ರಾಶಿ ಎರಡನೇ ಕೂಗಿಗೆ ಹೋಗುತ್ತದೆ. ಒಳ್ಳೆಯ ಗೂಡು ತಂದವನು ಮೊದಲನೇ ಕೂಗಿಗೆ ತಲೆಯಾಡಿಸಿದರೆ ಪಕ್ಕದವರು ನಗುತ್ತಾರೆ. ನನ್ನ ಮೊಮ್ಮಗಳಿಗಿಂತ ಒಳ್ಳೆಯ ಗೂಡು ಯಾವುದಿದೆ?

"ಹಾಸ್ಟೆಲ್ ಕೊಡ್ತೀರಾ ತಾಯಿ?" ಎಂದೆ.

"ಈ ವರ್ಷ ಇಲ್ಲ ಸರ್."

"ಹಂಗಾದ್ರೆ ಈ ಸುತ್ತಿಗೆ ಬೇಡ."

"ಬೇಡ ಅಂತಲೇ ಬರ್ಕೊಳ್ಲಾ ಸರ್?"

"ಬರ್ಕೊಳ್ಳಿ, ಬರ್ಕೊಳ್ಳಿ."

ಮೀಸೆ ತಿರುವಿಕೊಂಡು ಕೂತೆ. ಹಾಸ್ಟೆಲ್ ಸೇರಿಸಿಕೊಂಡು ಸಂಜೆಯೊಳಗೆ ಮತ್ತೆ ಫೋನ್ ಮಾಡುತ್ತಾರೆ ಎಂದೇ ನಂಬಿದ್ದೆ. ಮೊಮ್ಮಗಳು ಹೊರಗೆ ಬಂದ ಕೂಡಲೇ ಹೆಮ್ಮೆಯಿಂದ ಹೇಳಿದೆ. ಅವಳ ಸೆರಗಿಗೆ ಸೊಪ್ಪಿನ ಚೂರು ಅಂಟಿತ್ತು. ಅದನ್ನು ಬಿಡಿಸುತ್ತಿದ್ದ ಕೈ ಹಾಗೇ ನಿಂತಿತು.

"ನನ್ ಸೀಟನ್ನೂ ಮಾರುಕಟ್ಟೆಗೆ ಹಾಕ್ಬಿಟ್ಯಾ ತಾತ?"

ಅಷ್ಟೇ ಅಂದದ್ದು. ಕೂಡಲೇ ಫೋನ್ ಮಾಡಿದಳು. ಕಾಯುತ್ತಿದ್ದ ಮುಂದಿನವರಿಗೆ ಸೀಟು ಹೋಗಿಯಾಗಿತ್ತು. ಆ ಹೆಣ್ಣುಮಗಳು ಪಾಪ, ತುಂಬ ನೊಂದುಕೊಂಡಳಂತೆ. ಅವಳದೇನೂ ತಪ್ಪಿಲ್ಲ.

ಹೆಂಡತಿ ಬಿಡಲಿಲ್ಲ. "ನಿಮ್ಮ ಕಡೆಯೋರು ನನ್ನ ಮದುವೆಗೆ ಕೇಳೋಕ್ ಬಂದಾಗ ನಮ್ಮಪ್ಪನೂ ಎರಡನೇ ಕೂಗಿಗೆ ಕಾದಿದ್ರೆ ನಾನು ಬದುಕ್ಕೋತಿದ್ದೆ" ಎಂದಳು. ಬೇರೆ ದಿನವಾಗಿದ್ದರೆ ಮೂವರೂ ನಗುತ್ತಿದ್ದೆವು. ಆ ದಿನ ಹೇಳಿದವಳೂ ನಗಲಿಲ್ಲ.

ಆಮೇಲಿನ ಎರಡು ದಿನ ಮೊಮ್ಮಗಳು ಸೊಪ್ಪು ಹಾಕಿದಳು, ಕಸ ತೆಗೆದಳು, ನನಗೆ ಕಾಫಿ ತಂದಿಟ್ಟಳು. ಲೋಟ ಇಟ್ಟವಳು ಪಕ್ಕದಲ್ಲಿ ಕೂರದೆ ಒಳಗೆ ಹೋಗುತ್ತಿದ್ದಳು. ಕ್ಯಾಲೆಂಡರಿನ ಹಾಳೆ ಗೋಡೆಯ ಹತ್ತಿರ ಬಿದ್ದಿತ್ತು. ಎತ್ತಿ ಮಡಿಚಿ ಜೇಬಿನಲ್ಲಿಟ್ಟುಕೊಂಡೆ. ಅವಳು ಯಾವುದನ್ನು ಆರಿಸುತ್ತಿದ್ದಳು? ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳುವ ಧೈರ್ಯ ಬಂದಿಲ್ಲ.

ಮೂರನೇ ದಿನ ನಾನೇ ಹೋಗಿ ಅವಳ ಮುಂದೆ ನಿಂತೆ. "ದೂರದ್ದು ಇನ್ನೂ ಇದೆಯಾ ತಾಯಿ?"

"ನಾಳೆವರೆಗೂ ಇದೆ. ನೋಡ್ದೇ ಇರೋ ಜಾಗ ತಾತ. ಭಯ ಆಗತ್ತೆ."

"ನೋಡಣ. ಆ ಫೋನಲ್ಲಿ ಮುಖ ಕಾಣೋ ಹಂಗೆ ಮಾಡ್ತೀಯಲ್ಲ, ಹಂಗೆ ಅಲ್ಲಿರೋ ಮಕ್ಕಳನ್ನ ಯಾರನ್ನಾದ್ರೂ ಕರಿ."

ಅಲ್ಲಿ ಎರಡನೇ ವರ್ಷ ಓದುತ್ತಿದ್ದ ಒಬ್ಬ ಹುಡುಗಿ ಫೋನಿನಲ್ಲಿ ಬಂದಳು. ಹಿಂದೂಪುರದ ಕಡೆಯವಳು, ಅಂದರೆ ನಮ್ಮ ಗೌರಿಬಿದನೂರು ದಾಟಿದರೆ ಅವರ ಊರು. ನನ್ನ ಮುಖ ಕಂಡ ಕೂಡಲೇ, "ಬಾಗುನ್ನಾರಾ ತಾತಾ?" ಎಂದು ತೆಲುಗಿನಲ್ಲಿ ಕ್ಷೇಮ ವಿಚಾರಿಸಿದಳು. ಅಷ್ಟು ದೂರದಿಂದ ನಮ್ಮ ಸಂತೆಯಲ್ಲಿ ಆಡುವ ಮಾತು! ನನಗೂ ಅವಳಿಗೂ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಮಾತು ನಡೆಯಿತು. ಅವಳು ಲೈಬ್ರರಿ ತೋರಿಸಿದಳು, ಹುಲ್ಲುಹಾಸು ತೋರಿಸಿದಳು.

ಗೂಡು ಕೊಳ್ಳುವವನು ರಾಶಿಯ ಮೇಲಿನದನ್ನು ನೋಡುವುದಿಲ್ಲ. ಮೊಣಕೈವರೆಗೆ ಕೈ ತೂರಿಸಿ ಬುಡದಿಂದ ಒಂದು ಹಿಡಿ ತೆಗೆಯುತ್ತಾನೆ. "ಅದು ಚೆನ್ನಾಗಿದೆ ಕಣಮ್ಮ" ಎಂದೆ. "ಈಗ ಚೆನ್ನಾಗಿಲ್ಲದ್ದು ಹೇಳು."

ಅವಳು ನಕ್ಕು, ಆಮೇಲೆ ನಗು ನಿಲ್ಲಿಸಿದಳು. "ಮೊದಲನೇ ತಿಂಗಳು ಎಲ್ಲರೂ ಅಳ್ತಾರೆ ತಾತ, ನಾನೂ ಅತ್ತಿದ್ದೀನಿ. ಸಾರು ನೀರು. ಚಳಿಗಾಲದಲ್ಲಿ ಕೈ ಬಿರಿಯತ್ತೆ. ಇಂಗ್ಲಿಷ್ ಚೆನ್ನಾಗಿ ಬರೋರ ಮುಂದೆ ಬಾಯಿ ಬಿಡೋಕೆ ನಂಗೆ ಆರು ತಿಂಗಳು ಬೇಕಾಯ್ತು."

"ಹುಷಾರು ತಪ್ಪಿದ್ರೆ?"

"ಪಕ್ಕದ ರೂಮಿನವಳು ಗಂಜಿ ತಂದ್ಕೊಡ್ತಾಳೆ. ಅವಳ ಭಾಷೆ ನಂಗೆ ಬರಲ್ಲ, ನಂದು ಅವಳಿಗೆ ಬರಲ್ಲ. ಆದ್ರೂ ತರ್ತಾಳೆ."

ನಾನು ಮೊಮ್ಮಗಳ ಕಡೆ ತಿರುಗಿದೆ. ಬುಡದ ಗೂಡು ಗಟ್ಟಿಯಾಗಿತ್ತು.

ಫೋನ್ ಇಟ್ಟ ಮೇಲೆ ಮೊಮ್ಮಗಳು, "ನಾನು ಅರ್ಜೀಲಿ ಏನ್ ಬರ್ದಿದ್ದೆ ಗೊತ್ತಾ? ನೀನ್ ಬೈತೀಯ ಅಂತ ಹೇಳಿರ್ಲಿಲ್ಲ" ಎಂದಳು. ಇಂಗ್ಲಿಷಿನದನ್ನು ಕನ್ನಡದಲ್ಲಿ ನಿಧಾನವಾಗಿ ಓದಿ ಹೇಳಿದಳು. ಮಾರುಕಟ್ಟೆಯ ಹರಾಜು ಮೊಬೈಲಿಗೆ ಬಂದ ಹೊಸದರಲ್ಲಿ ನನಗೆ ಅದರ ಇಂಗ್ಲಿಷ್ ಮೆಸೇಜು ಓದಲು ಬರುತ್ತಿರಲಿಲ್ಲ. ಹೈಸ್ಕೂಲಿನಲ್ಲಿದ್ದ ಇವಳನ್ನು ರಜೆಯಲ್ಲಿ ಜೊತೆಗೆ ಕರೆದೊಯ್ಯುತ್ತಿದ್ದೆ. ನನ್ನದು ಓದಿ ಹೇಳುತ್ತಿದ್ದಂತೆ ಅಕ್ಕಪಕ್ಕದ ಮುದುಕರೆಲ್ಲ ತಮ್ಮ ಫೋನು ಚಾಚುತ್ತಿದ್ದರು. 'ಅಮ್ಮಯ್ಯ, ನಂದೂ ನೋಡು.' ಆ ಚಾಚಿದ ಕೈಗಳನ್ನೇ ಅವಳು ಬರೆದಿದ್ದಳು. ನಿಯಮ ಮಾಡುವ ಕಡೆ ಈ ಕೈಗಳನ್ನು ನೆನೆಯುವವರು ಒಬ್ಬರಿರಬೇಕು, ಅದಕ್ಕೆ ಓದಬೇಕು ಎಂದು ಬರೆದಿದ್ದಳು.

ನಾನು ಬೈಯಲಿಲ್ಲ. ಟವೆಲ್ಲಿನಲ್ಲಿ ಮುಖ ಒರೆಸಿಕೊಂಡೆ. ನನ್ನ ಓದಲಾಗದ ಕಣ್ಣು ಇವಳಿಗೆ ಓದಾಯಿತಲ್ಲ ಎಂದುಕೊಂಡೆ.

ಒಪ್ಪಿಗೆಯ ಹಾಳೆಯನ್ನು ಫೋನಿನಲ್ಲಿ ತೆರೆದು ಅವಳು ನನ್ನ ಮುಂದೆ ಹಿಡಿದಳು. "ಮೊದಲನೇ ಕೂಗು ತಾತ. ಏನಂತೀಯ?"

"ನಿನ್ನ ಸೀಟು. ನೀನೇ ಹೇಳು."

"ನಾನ್ ಹೋಗ್ತೀನಿ."

"ಹಂಗಾದ್ರೆ ಒತ್ತು, ಬೇಗ ಒತ್ತು!"

ಒತ್ತಿದಳು. ಆಮೇಲೆ ಕೈಕಾಲು ತೊಳೆದು ಹುಳದ ಮನೆಗೆ ಹೋದಳು. ಬಾಗಿಲಲ್ಲಿ ಫೋನನ್ನು ಮತ್ತೆ ನನ್ನ ಕೈಗೇ ಕೊಟ್ಟಳು. ನಾನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅವಳು ಹೊರಗೆ ಬರುವ ತನಕ ಜಗಲಿಯ ಮೇಲೆ ಕೂತಿದ್ದೆ. ಎರಡು ಸಲ ಹೊಡೆದುಕೊಂಡಿತು. ಎತ್ತಲಿಲ್ಲ.